ಪ್ಲಾಸ್ಟಿಕ್ ಡಬ್ಬಿಗಳನ್ನೆಲ್ಲ ಎಸೆದುಬಿಡಲಾ? ಅಡುಗೆಮನೆಯಲ್ಲಿ ಎಲ್ಲಿಂದ ಶುರು ಮಾಡಲಿ?

ಹೊಸಚಿಗುರು:

ಎಲ್ಲರಿಗೂ ನಮಸ್ಕಾರ. ಹೋದ ಭಾನುವಾರ ಕಸದ ಚೀಲ ಎತ್ತಿಕೊಂಡು ಕೆಳಗೆ ಇಳಿಯುವಾಗ ಮೆಟ್ಟಿಲ ಮೇಲೆ ಅದರ ತಳ ಕಿತ್ತುಹೋಯಿತು. ಒಳಗಿದ್ದದ್ದೆಲ್ಲ ಚೆಲ್ಲಿತು. ಅಲ್ಲೇ ಕೂತು ಕೈಯಿಂದ ಬಾಚಿದೆ. ಅರ್ಧ ಕಟ್ಟು ಸೊಪ್ಪು, ಅದರ ರಬ್ಬರ್ ಬ್ಯಾಂಡ್ ಕೂಡ ಬಿಚ್ಚಿರಲಿಲ್ಲ. ಒಂದು ದೊಡ್ಡ ಬಟ್ಟಲಿನಷ್ಟು ಅನ್ನ. ತುದಿ ಮಾತ್ರ ಕೊಳೆತಿದ್ದ ಎರಡು ಕ್ಯಾರೆಟ್. ಇವುಗಳ ನಡುವೆ ತೆಳು ಪ್ಲಾಸ್ಟಿಕ್ ಕವರುಗಳು. ಎಣಿಸಿದೆ, 17 ಇದ್ದವು. ಇದೆಲ್ಲ ಮೂರೇ ದಿನದ ಕಸ. ಮನೆಯಲ್ಲಿ ಇರುವವರು ನಾಲ್ಕು ಜನ.

ಅವತ್ತಿನಿಂದ ಮನಸ್ಸಿಗೆ ಸಮಾಧಾನ ಇಲ್ಲ. ಇಷ್ಟು ದಿನ ಚೀಲದ ಬಾಯಿ ಕಟ್ಟಿ ಕೊಟ್ಟುಬಿಡುತ್ತಿದ್ದೆ, ಒಳಗೆ ಏನಿದೆ ಅಂತ ನೋಡಿಯೇ ಇರಲಿಲ್ಲ.

ರಾತ್ರಿ ಕೂತು ಒಂದು ಪಟ್ಟಿ ಮಾಡಿದೆ. ಗಾಜಿನ ಜಾಡಿ 14, ಸ್ಟೀಲ್ ಡಬ್ಬಿ 6, ಬಿದಿರಿನ ಬ್ರಷ್, ಹತ್ತಿ ಚೀಲ ಒಂದು ಡಜನ್, ಗ್ಯಾಸ್ ಒಲೆಯ ಬದಲು ಇಂಡಕ್ಷನ್. ಈಗ ಇರುವ ಪ್ಲಾಸ್ಟಿಕ್ ಡಬ್ಬಿಗಳು 22. ಅವನ್ನೆಲ್ಲ ತೆಗೆದುಹಾಕಿ ಒಂದೇ ಸಲಕ್ಕೆ ಹೊಸದಾಗಿ ಶುರು ಮಾಡೋಣ ಅಂದುಕೊಂಡೆ. ಪಟ್ಟಿ ನೋಡಿದ ನಮ್ಮ ಮನೆಯವರು, "22 ಡಬ್ಬಿ ಕಸಕ್ಕೆ ಹಾಕಿದರೆ ಕಸ ಕಡಿಮೆ ಆಗುತ್ತಾ?" ಅಂತ ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ.

ನಮ್ಮದು ಬಾಡಿಗೆ ಮನೆ. ಚಿಕ್ಕ ಅಡುಗೆಮನೆ. ಗಿಡ ಹಾಕುವಷ್ಟು ಮಣ್ಣೂ ಇಲ್ಲ. ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ, ಸಂಜೆ ಅಡುಗೆಗೆ ಸಿಗುವುದು ಒಂದು ಗಂಟೆ. ಯಾವುದರಿಂದ ಶುರು ಮಾಡಿದರೆ ನಿಜವಾಗಿ ಉಪಯೋಗ ಆಗುತ್ತದೆ? ನೋಡೋದಕ್ಕೆ ಹಸಿರಾಗಿ ಕಂಡರೆ ನನಗೆ ಸಾಲದು. ಅನುಭವ ಇರುವವರು ದಯವಿಟ್ಟು ಹೇಳಿ.


ಅಳತೆಲೋಟ:

ಹೊಸಚಿಗುರು ಅವರೇ, ನಿಮ್ಮ ಮನೆಯವರು ಕೇಳಿದ್ದು ಸರಿಯಾಗಿದೆ. ಪಟ್ಟಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಡಬ್ಬಿ ಒಂದನ್ನೂ ಎಸೆಯಬೇಡಿ.

ಆ ಡಬ್ಬಿಗಳನ್ನು ತಯಾರಿಸಲು ಬೇಕಾದ ಕಚ್ಚಾ ತೈಲ, ವಿದ್ಯುತ್ತು ಎಲ್ಲ ಆಗಲೇ ಖರ್ಚಾಗಿ ಹೋಗಿದೆ. ಎಸೆದರೆ ಅದು ವಾಪಸ್ ಬರುವುದಿಲ್ಲ. ಜೊತೆಗೆ 14 ಗಾಜಿನ ಜಾಡಿಗಳ ಖರ್ಚು ಹೊಸದಾಗಿ ಸೇರುತ್ತದೆ. 2018ರಲ್ಲಿ ಡೆನ್ಮಾರ್ಕ್‌ನ ಪರಿಸರ ಇಲಾಖೆ ಕೈಚೀಲಗಳ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿತು. ಹವಾಮಾನದ ಲೆಕ್ಕ ಒಂದನ್ನೇ ಹಿಡಿದರೂ, ಮಾಮೂಲಿ ಹತ್ತಿ ಚೀಲವನ್ನು ಕನಿಷ್ಠ 52 ಸಲ ಬಳಸಿದರೆ ಮಾತ್ರ ಅದು ಅಂಗಡಿಯ ಪ್ಲಾಸ್ಟಿಕ್ ಚೀಲಕ್ಕೆ ಸಮ. ನೀರು, ಓಜೋನ್ ಪದರ ಹೀಗೆ ಎಲ್ಲ ಬಗೆಯ ಹಾನಿಯನ್ನೂ ನೋಡಿದರೆ 7,100 ಸಲ. ಸಮುದ್ರ ಸೇರುವ ಪ್ಲಾಸ್ಟಿಕ್ ಆ ಲೆಕ್ಕದಲ್ಲಿ ಬರುವುದಿಲ್ಲ. ಹಾಗಾಗಿ ಹತ್ತಿ ಚೀಲವೇ ಬೇಡ ಅಂತ ನಾನು ಹೇಳುತ್ತಿಲ್ಲ. ಒಂದು ಡಜನ್ ಬೇಡ. ಎರಡು ಸಾಕು, ಹರಿಯುವ ತನಕ ಅವನ್ನೇ ಬಳಸಿ.

ಈಗಿನ ಡಬ್ಬಿಗಳಿಗೆ ಬಿಸಿ ಪದಾರ್ಥ, ಎಣ್ಣೆ ಪದಾರ್ಥ ಹಾಕಬೇಡಿ. ಒಣ ಬೇಳೆ, ಕಾಳು ಇಟ್ಟುಕೊಳ್ಳಿ. ಡಬ್ಬಿಯ ವಿಷಯ ಇಷ್ಟೇ.

ನಿಮ್ಮ ಬರಹದಲ್ಲಿ ನನಗೆ ಕಂಡದ್ದು ಬೇರೆ. ಚೀಲ ಒಡೆದಾಗ ನೀವು ಮೊದಲು ಹೇಳಿದ್ದು ಸೊಪ್ಪು, ಅನ್ನ, ಕ್ಯಾರೆಟ್. ಪ್ಲಾಸ್ಟಿಕ್ ಆಮೇಲೆ ಬಂತು. ಶುರು ಮಾಡಬೇಕಾದ್ದೂ ಅದೇ ಕ್ರಮದಲ್ಲಿ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಕೊಟ್ಟ ವರದಿ ಪ್ರಕಾರ, 2022ರಲ್ಲಿ ಜಗತ್ತಿನಲ್ಲಿ ಸುಮಾರು 105 ಕೋಟಿ ಟನ್ ಆಹಾರ ಕಸಕ್ಕೆ ಹೋಯಿತು. ಅದರಲ್ಲಿ ಶೇಕಡಾ 60ರಷ್ಟು ಮನೆಗಳದ್ದು. ಹೋಟೆಲು, ಅಂಗಡಿ ಎರಡನ್ನೂ ಸೇರಿಸಿದರೂ ಮನೆಗಳಷ್ಟು ಆಗಲಿಲ್ಲ. ಆ ಆಹಾರ ಕಸದ ಗುಡ್ಡೆಯ ಅಡಿಯಲ್ಲಿ ಗಾಳಿ ಸಿಗದೆ ಕೊಳೆತರೆ ಮೀಥೇನ್ ಹುಟ್ಟುತ್ತದೆ. 20 ವರ್ಷದ ಲೆಕ್ಕದಲ್ಲಿ ಮೀಥೇನ್, ಇಂಗಾಲದ ಡೈಆಕ್ಸೈಡ್‌ಗಿಂತ 80 ಪಟ್ಟು ಜಾಸ್ತಿ ಬಿಸಿ ಹಿಡಿದಿಡುತ್ತದೆ.

ಎಂಟು ವರ್ಷದ ಹಿಂದೆ ನಾನು ಮಾಡಿದ್ದನ್ನು ಹೇಳುತ್ತೇನೆ. ಸಿಂಕ್ ಪಕ್ಕ ಮೂರು ಬಟ್ಟಲು ಇಟ್ಟೆ. ಒಂದಕ್ಕೆ ತಿನ್ನಲಾಗದ್ದು, ಅಂದರೆ ಸಿಪ್ಪೆ, ತೊಟ್ಟು, ಬೀಜ. ಇನ್ನೊಂದಕ್ಕೆ ಬೇಯಿಸಿ ಉಳಿದದ್ದು. ಮೂರನೆಯದಕ್ಕೆ ಬೇಯಿಸುವ ಮೊದಲೇ ಕೆಟ್ಟದ್ದು. ರಾತ್ರಿ ಮಲಗುವ ಮೊದಲು ತೂಗಿ ನೋಟ್‌ಬುಕ್‌ನಲ್ಲಿ ಬರೆದೆ. ಏಳು ದಿನಕ್ಕೆ ಸಿಪ್ಪೆ 2.9 ಕಿಲೋ, ಬೇಯಿಸಿ ಉಳಿದದ್ದು 1.6, ಹಸಿಯಾಗಿಯೇ ಕೆಟ್ಟದ್ದು 1.2. ಮನೆಯಲ್ಲಿ ಇದ್ದವರು ಮೂವರು.

ಉಳಿದದ್ದರಲ್ಲಿ ಹೆಚ್ಚುಕಡಿಮೆ ಎಲ್ಲ ಅನ್ನವೇ. ದಿನಾ ಒಂದೊಂದು ಬಟ್ಟಲು. ಯಾಕೆ ಅಂತ ಹುಡುಕಿದರೆ ಕಾರಣ ಅಕ್ಕಿ ಡಬ್ಬಿಯೊಳಗಿನ ಲೋಟದಲ್ಲಿತ್ತು. ನಾಲ್ಕು ಜನಕ್ಕೆ ಸರಿಹೋಗುತ್ತಿದ್ದ ಲೋಟ ಅದು. ದೊಡ್ಡ ಮಗ ಓದಲು ಬೇರೆ ಊರಿಗೆ ಹೋಗಿ ಎರಡು ವರ್ಷ ಆಗಿತ್ತು. ಲೋಟ ಮಾತ್ರ ಅವನ ಪಾಲನ್ನೂ ಅಳೆಯುತ್ತಲೇ ಇತ್ತು. ಮೊಳೆಯಿಂದ ಲೋಟದ ಒಳಗೆ ಒಂದು ಗೆರೆ ಗೀರಿದೆ. ಈಗಲೂ ಆ ಗೆರೆಯ ತನಕವೇ ಅಕ್ಕಿ ತುಂಬುವುದು.

ಆಮೇಲೆ ಫ್ರಿಡ್ಜ್. ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಮುಳುಗಿಸಿ ಮಧ್ಯದ ಅಂಕಣದಲ್ಲಿ ರಾತ್ರಿಯಿಡೀ ಇಟ್ಟೆ. ಬೆಳಗ್ಗೆ ನೋಡಿದರೆ 9 ಡಿಗ್ರಿ. ಇರಬೇಕಾದ್ದು 4 ಅಥವಾ ಅದಕ್ಕಿಂತ ಕಡಿಮೆ. ಬಾಗಿಲ ರಬ್ಬರಿನ ಮಡಿಕೆಯಲ್ಲಿ ಕೊಳೆ ಕಟ್ಟಿ ಬಾಗಿಲು ಸರಿಯಾಗಿ ಕೂರುತ್ತಿರಲಿಲ್ಲ. ಬಾಗಿಲಿಗೆ ಒಂದು ಕಾಗದ ಸಿಕ್ಕಿಸಿ ಎಳೆದರೆ ಸಲೀಸಾಗಿ ಬಂದುಬಿಡುತ್ತಿತ್ತು. ಬೆಚ್ಚಗಿನ ಸೋಪು ನೀರು, ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿದ ಮೇಲೆ ಕಾಗದ ಬಿಗಿಯಾಗಿ ನಿಂತಿತು. ಮಾರನೇ ದಿನ 4 ಡಿಗ್ರಿ. ಹಾಲು, ತರಕಾರಿ ಬೇಗ ಕೆಡುವುದೂ ನಿಂತಿತು, ಮೋಟರು ಸದಾ ಗುಂಯ್ ಅನ್ನುವುದೂ ಕಡಿಮೆ ಆಯಿತು.

ಸೊಪ್ಪು ತಂದ ಕೂಡಲೇ ರಬ್ಬರ್ ಬ್ಯಾಂಡ್ ಬಿಚ್ಚಿ. ಕಟ್ಟಿದ ಜಾಗದಲ್ಲೇ ಮೊದಲು ಕೊಳೆಯುವುದು. ಕೆಟ್ಟ ಎಲೆ ಆರಿಸಿ, ತೊಳೆಯದೆ ಒಣ ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿ. ನಿಮ್ಮ 22ರಲ್ಲಿ ದೊಡ್ಡವೆರಡು ಇದಕ್ಕೇ ಇರಲಿ. ಡಬ್ಬಿ ಕೆಳಗಿನ ಡ್ರಾಯರ್‌ನಲ್ಲಿ ಬೇಡ, ಬಾಗಿಲು ತೆಗೆದರೆ ಕಣ್ಣಿಗೆ ಬೀಳುವ ಕಡೆ ಇಡಿ. ಬಾಳೆಹಣ್ಣು, ಸೇಬು, ಟೊಮೆಟೊ ಇವೆಲ್ಲ ಹಣ್ಣಾಗುವಾಗ ಎಥಿಲೀನ್ ಅನ್ನುವ ಅನಿಲ ಬಿಡುತ್ತವೆ. ಪಕ್ಕದಲ್ಲಿ ಸೊಪ್ಪು ಇದ್ದರೆ ಬೇಗ ಹಳದಿಯಾಗುತ್ತದೆ. ಈರುಳ್ಳಿ, ಆಲೂಗಡ್ಡೆಯನ್ನೂ ಒಂದೇ ಬುಟ್ಟಿಯಲ್ಲಿ ಇಡಬೇಡಿ.

ಒಂದು ವಾರ ತೂಗಿ ನೋಡಿ. ಕೊಳ್ಳುವ ಪಟ್ಟಿ ಆಮೇಲೆ ಮಾಡೋಣ.


ಕುದಿಬಿಂದು:

ಅಳತೆಲೋಟ ಅವರು ಹೇಳಿದ್ದೆಲ್ಲ ಒಪ್ಪಿದೆ. ನಾನು ಭೌತಶಾಸ್ತ್ರ ಕಲಿಸುವವನು, ಉರಿಯ ಬಗ್ಗೆ ಹೇಳುತ್ತೇನೆ.

ನೀರು ಕುದಿಯತೊಡಗಿದ ಮೇಲೆ ಉರಿ ಎಷ್ಟು ಜೋರು ಮಾಡಿದರೂ ಅದರ ಬಿಸಿ 100 ಡಿಗ್ರಿ ದಾಟುವುದಿಲ್ಲ. ಕೊತಕೊತ ಕುದಿದರೂ, ಮೆಲ್ಲಗೆ ಕುದಿದರೂ ಒಳಗಿನ ತರಕಾರಿ ಬೇಯಲು ಹಿಡಿಯುವ ಹೊತ್ತು ಹೆಚ್ಚುಕಡಿಮೆ ಅಷ್ಟೇ. ಜಾಸ್ತಿ ಉರಿಯೆಲ್ಲ ಹಬೆಯಾಗಿ ಮನೆಯ ಗಾಳಿಗೆ ಸೇರುತ್ತದೆ. ಎಷ್ಟು ಅಂತ ಕೇಳಿದರೆ ಲೆಕ್ಕ ಇದೆ. 25 ಡಿಗ್ರಿಯ ಒಂದು ಲೀಟರ್ ನೀರನ್ನು ಕುದಿಗೆ ತರಲು ಸುಮಾರು 314 ಕಿಲೋಜೂಲ್ ಶಾಖ ಸಾಕು. ಅದೇ ಒಂದು ಲೀಟರನ್ನು ಪೂರ್ತಿ ಹಬೆ ಮಾಡಲು 2,257 ಕಿಲೋಜೂಲ್ ಬೇಕು, ಅಂದರೆ ಏಳು ಪಟ್ಟು. ಹಾಗಾಗಿ ಕುದಿ ಬಂದ ಕ್ಷಣವೇ ಉರಿ ಸಣ್ಣ ಮಾಡಿ, ಮುಚ್ಚಳ ಮುಚ್ಚಿ. ಈ ಒಂದು ಅಭ್ಯಾಸಕ್ಕೆ ಏನನ್ನೂ ಕೊಳ್ಳಬೇಕಿಲ್ಲ. ಪಾತ್ರೆಯ ತಳ ದಾಟಿ ಪಕ್ಕಕ್ಕೆ ನಾಲಿಗೆ ಚಾಚುವ ಉರಿಯೂ ವ್ಯರ್ಥವೇ, ಅದು ಪಾತ್ರೆಯ ಹಿಡಿಕೆಯನ್ನಷ್ಟೇ ಸುಡುತ್ತದೆ.

ಕುಕ್ಕರ್ ಒಳಗೆ ಒತ್ತಡ ಏರುವುದರಿಂದ ನೀರು ಸುಮಾರು 120 ಡಿಗ್ರಿ ತನಕ ಬಿಸಿಯಾಗುತ್ತದೆ. ಅದಕ್ಕೇ ಕಾಳು ಅಷ್ಟು ಬೇಗ ಬೇಯುವುದು. ಅಲ್ಲೂ ಹಾಗೆಯೇ, ಒತ್ತಡ ಬಂದ ಮೇಲೆ ಸಣ್ಣ ಉರಿ ಸಾಕು. ಬೆಳಗ್ಗೆ ಹೊರಡುವ ಮೊದಲು ಕಾಳು ನೆನೆಹಾಕಿ ಹೋದರೆ ನಿಮ್ಮ ಸಂಜೆಯ ಒಂದು ಗಂಟೆಯಲ್ಲಿ ಸಮಯವೂ ಉಳಿಯುತ್ತದೆ.

ಇನ್ನೊಂದು ಉಪಾಯ ನನಗೆ ತುಂಬ ಇಷ್ಟ. ಎರಡನೇ ಮಹಾಯುದ್ಧದ ಕಾಲದಲ್ಲಿ ಇಂಧನಕ್ಕೆ ತತ್ವಾರ ಬಂದಾಗ ಬ್ರಿಟನ್ನಿನಲ್ಲಿ ಜನ ಒಣಹುಲ್ಲು ತುಂಬಿದ ಪೆಟ್ಟಿಗೆಯೊಳಗೆ ಅಡುಗೆ ಬೇಯಿಸುತ್ತಿದ್ದರು. ಒಲೆಯ ಮೇಲೆ ಕುದಿ ಬರಿಸಿ, ಬಿಸಿ ಪಾತ್ರೆಯನ್ನು ಹಾಗೆಯೇ ಹುಲ್ಲಿನ ನಡುವೆ ಹುದುಗಿಸಿ ಮುಚ್ಚಿಬಿಟ್ಟರೆ ಉಳಿದದ್ದು ತನ್ನ ಶಾಖದಲ್ಲೇ ಬೇಯುತ್ತದೆ. ನನ್ನದು ಒಂದು ರಟ್ಟಿನ ಪೆಟ್ಟಿಗೆ, ಎರಡು ಹಳೆ ಕಂಬಳಿ. ಅಕ್ಕಿ ಐದು ನಿಮಿಷ ಕುದಿಸಿ, ಬಿಗಿಯಾಗಿ ಮುಚ್ಚಿ, ಕಂಬಳಿ ಸುತ್ತಿ ಇಟ್ಟರೆ ಮುಕ್ಕಾಲು ಗಂಟೆಯಲ್ಲಿ ಅನ್ನ ಆಗಿರುತ್ತದೆ. ಪಾತ್ರೆ ಮುಕ್ಕಾಲು ಭಾಗವಾದರೂ ತುಂಬಿರಬೇಕು, ಇಲ್ಲದಿದ್ದರೆ ಬೇಗ ಆರುತ್ತದೆ. ಥರ್ಮಾಮೀಟರ್ ಹಾಕಿ ನೋಡಿದ್ದೇನೆ, ನಾಲ್ಕು ಗಂಟೆ ಆದ ಮೇಲೂ 71 ಡಿಗ್ರಿ ಇತ್ತು. 60ಕ್ಕಿಂತ ಕೆಳಗೆ ಇಳಿಯಲು ಬಿಡಬೇಡಿ. ಇಳಿದರೆ ರೋಗಾಣು ಬೆಳೆಯಲು ಶುರುವಾಗುತ್ತದೆ.

ಇಂಡಕ್ಷನ್ ವಿಷಯ. ಗ್ಯಾಸ್ ಉರಿಯ ಶಾಖದಲ್ಲಿ ಪಾತ್ರೆಗೆ ಸೇರುವುದು ಸುಮಾರು ಶೇಕಡಾ 40, ಎಷ್ಟೋ ಸಲ ಅದಕ್ಕಿಂತ ಕಡಿಮೆ. ಇಂಡಕ್ಷನ್‌ನಲ್ಲಿ ಸುಮಾರು 85. ಕೇಳೋಕೆ ದೊಡ್ಡ ವ್ಯತ್ಯಾಸ ಅಲ್ವಾ? ಆದರೆ ಆ ವಿದ್ಯುತ್ತು ಎಲ್ಲಿಂದ ಬರುತ್ತದೆ ಅನ್ನುವುದನ್ನೂ ನೋಡಬೇಕು. ಕಲ್ಲಿದ್ದಲಿನಿಂದ ಬಂದರೆ ಸ್ಥಾವರದಲ್ಲೇ ಸುಮಾರು ಮೂರನೇ ಎರಡು ಭಾಗ ಶಾಖ ಕಳೆದುಹೋಗಿರುತ್ತದೆ. ಬಿಸಿಲು, ಗಾಳಿ, ನೀರಿನಿಂದ ಬಂದರೆ ಖಂಡಿತ ಲಾಭ. ಒಲೆ ಚೆನ್ನಾಗಿದ್ದರೆ ಅದನ್ನೇ ಬಳಸಿ, ಅದು ಹಾಳಾದ ದಿನ ಇಂಡಕ್ಷನ್ ತನ್ನಿ. ಗ್ಯಾಸ್ ಉರಿಯುವಾಗ ನೈಟ್ರೋಜನ್ ಡೈಆಕ್ಸೈಡ್ ಬರುತ್ತದೆ. ಮಕ್ಕಳಿರುವ ಮನೆ ಆದರೆ ಅಡುಗೆ ಮುಗಿಯುವ ತನಕ ಕಿಟಕಿ ತೆಗೆದಿಡಿ.


ನಲ್ಲಿನೀರು:

ಸಿಂಕ್ ಬಗ್ಗೆ ಯಾರೂ ಹೇಳಲಿಲ್ಲ, ಹಾಗಾಗಿ ನಾಲ್ಕು ಮಾತು. ನಲ್ಲಿ ಕೆಳಗೆ ಬಕೆಟ್ ಇಟ್ಟು ಒಂದು ನಿಮಿಷ ಬಿಟ್ಟು ಅಳೆಯಿರಿ. ನಮ್ಮಲ್ಲಿ 10 ಲೀಟರ್ ಬಂತು. ಪಾತ್ರೆ ತೊಳೆಯಲು 15 ನಿಮಿಷ, ನಲ್ಲಿ ಪೂರ್ತಿ ತೆರೆದೇ ಇರುತ್ತಿತ್ತು. 150 ಲೀಟರ್! ಈಗ ಒಂದು ಟಬ್‌ನಲ್ಲಿ ಸೋಪು ನೀರು, ಇನ್ನೊಂದರಲ್ಲಿ ಬರಿ ನೀರು. 30 ಲೀಟರ್‌ಗೆ ಮುಗಿಯುತ್ತದೆ.

ಜಿಡ್ಡಿನ ಬಾಣಲೆಯನ್ನು ಮೊದಲು ಹಳೆ ಕಾಗದದಿಂದ ಒರೆಸಿ, ಆಮೇಲೆ ತೊಳೆಯಿರಿ. ಎಣ್ಣೆಯನ್ನು ಸಿಂಕ್‌ಗೆ ಸುರಿಯಲೇಬಾರದು. ಕೊಳವೆಯಲ್ಲಿ ತಣ್ಣಗಾಗಿ ಗಟ್ಟಿಯಾಗುತ್ತದೆ. 2017ರಲ್ಲಿ ಲಂಡನ್‌ನ ವೈಟ್‌ಚಾಪೆಲ್‌ನಲ್ಲಿ ನೆಲದಡಿಯ ಚರಂಡಿಯೊಳಗೆ ಜಿಡ್ಡು, ಒರೆಸುವ ಟಿಶ್ಯೂ ಎಲ್ಲ ಸೇರಿ 250 ಮೀಟರ್ ಉದ್ದ, 130 ಟನ್ ತೂಕದ ಗಡ್ಡೆ ಸಿಕ್ಕಿತ್ತು. ಅಷ್ಟೂ ಸೇರಿದ್ದು ಒಂದೊಂದೇ ಬಾಣಲೆಯಿಂದ.

ಪ್ಲಾಸ್ಟಿಕ್ ಸ್ಪಂಜು ಸವೆದಾಗ ಸವೆದ ಚೂರುಗಳು ನೀರಿನಲ್ಲೇ ಹೋಗುತ್ತವೆ. ಈಗಿನದು ಮುಗಿದ ಮೇಲೆ ಒಣಗಿದ ಹೀರೆಕಾಯಿ ನಾರು ಬಳಸಿ ನೋಡಿ.


ಹೊಸಚಿಗುರು:

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಎಲ್ಲರಿಗೂ ಧನ್ಯವಾದ. ತೂಗಲು ಶುರು ಮಾಡಿದ್ದೇನೆ. ಮೊದಲ ವಾರ ಸಿಪ್ಪೆ 3.1 ಕಿಲೋ, ಬೇಯಿಸಿ ಉಳಿದದ್ದು 1.4, ಹಸಿಯಾಗಿ ಕೆಟ್ಟದ್ದು 1.7. ಅಂದರೆ ತಂದ ತರಕಾರಿಯೇ ನಮ್ಮಲ್ಲಿ ಜಾಸ್ತಿ ಹಾಳಾಗುತ್ತಿದೆ. ಸಿಪ್ಪೆ ಹೇಗೂ ಬರುತ್ತದೆ, ಅದನ್ನು ಗೊಬ್ಬರ ಮಾಡಬಹುದಾ? ಒಳಗಡೆಯೇ ಇಡಬೇಕು, ವಾಸನೆ ಬರುತ್ತದೆ ಅಂತ ಭಯ. ಅಂಗಡಿಯಲ್ಲಿ ಮಣ್ಣಲ್ಲಿ ಕರಗುವ ಕಸದ ಚೀಲ ಅಂತ ಸಿಗುತ್ತದಲ್ಲ, ಅದು ತರಲಾ?


ಒಣಎಲೆ:

ಮಾಡಬಹುದು, ಮನೆಯೊಳಗೇ ಮಾಡಬಹುದು. ಆ ಚೀಲ ಬೇಡ. ಅಂಥ ಎಷ್ಟೋ ಚೀಲಗಳು ಕರಗಲು ಸುಮಾರು 60 ಡಿಗ್ರಿ ಬಿಸಿ ಬೇಕು. ಅಷ್ಟು ಬಿಸಿ ದೊಡ್ಡ ಗೊಬ್ಬರದ ಘಟಕಗಳಲ್ಲಿ ಏಳುತ್ತದೆ, ಮನೆಯ ಬಕೆಟ್‌ನಲ್ಲಿ ಏಳುವುದಿಲ್ಲ. ನಾನು ಒಂದು ತುಂಡು ಹಾಕಿ ನೋಡಿದೆ. ವರ್ಷ ಕಳೆದು ಗೊಬ್ಬರ ಜರಡಿ ಹಿಡಿದಾಗ ಆ ತುಂಡು, ಅದರ ಮೇಲಿನ ಅಕ್ಷರ ಸಮೇತ ಸಿಕ್ಕಿತು.

ವಾಸನೆ ಬರುವುದು ಗಾಳಿ ಇಲ್ಲದಾಗ, ಒದ್ದೆ ಜಾಸ್ತಿಯಾದಾಗ. ಶುರುವಿನಲ್ಲಿ ನಾನು ಬರೀ ಸಿಪ್ಪೆ ತುಂಬುತ್ತಿದ್ದೆ. ಹತ್ತನೇ ದಿನಕ್ಕೆ ಮೂಗಿಗೆ ಹೊಡೆಯುವ ವಾಸನೆ, ತಳದಲ್ಲಿ ಕಪ್ಪು ನೀರು. ಹಸಿ ಸಿಪ್ಪೆಯಲ್ಲಿ ಸಾರಜನಕ ಜಾಸ್ತಿ. ಒಣ ಎಲೆ, ರಟ್ಟು, ಕಾಗದದಲ್ಲಿ ಇಂಗಾಲ ಜಾಸ್ತಿ. ಕೊಳೆಸುವ ಜೀವಾಣುಗಳಿಗೆ ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಬೇಕು. ಅಳತೆಯಲ್ಲಿ ಹೇಳುವುದಾದರೆ ಒಂದು ಬಟ್ಟಲು ಸಿಪ್ಪೆಗೆ ಎರಡು ಬಟ್ಟಲು ಒಣದು. ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ ಹಾಕಿ. ಮಣ್ಣಿಲ್ಲ ಅಂದಿರಲ್ಲ, ಶುರುವಿಗೆ ಒಂದು ಹಿಡಿ ಹಳೆ ಗೊಬ್ಬರ ಸಾಕು.

ನಿಮ್ಮ 22 ಡಬ್ಬಿಗಳಲ್ಲಿ ಬಿರುಕು ಬಿಟ್ಟವು ಇದ್ದರೆ ಅವೇ ಒಳ್ಳೆಯವು. ತಳಕ್ಕೆ, ಪಕ್ಕಕ್ಕೆ ಬಿಸಿ ಮೊಳೆಯಿಂದ ತೂತು ಮಾಡಿ, ಕೆಳಗೆ ತಟ್ಟೆ ಇಡಿ. ಮೂರು ದಿನಕ್ಕೊಮ್ಮೆ ಕೋಲಿನಿಂದ ಮೇಲೆ ಕೆಳಗೆ ಮಾಡಿ. ಒಂದು ಹಿಡಿ ತೆಗೆದು ಹಿಂಡಿ ನೋಡಿ. ಒಂದೆರಡು ಹನಿ ಬಂದರೆ ಹದ ಸರಿಯಿದೆ. ಧಾರೆಯಾಗಿ ಇಳಿದರೆ ರಟ್ಟು ಸೇರಿಸಿ, ಪುಡಿಪುಡಿಯಾದರೆ ನೀರು ಚಿಮುಕಿಸಿ. ಬೇಯಿಸಿದ್ದು, ಎಣ್ಣೆ ಇರುವುದು ಹಾಕಬೇಡಿ. ಹೊಳಪಿನ ಕಾಗದವೂ ಬೇಡ. ಎರಡು ಮೂರು ತಿಂಗಳಲ್ಲಿ ಮಳೆ ಬಿದ್ದ ಮಣ್ಣಿನ ವಾಸನೆ ಬರತೊಡಗುತ್ತದೆ. ಆಗ ಆಗಿದೆ ಅಂತ ಅರ್ಥ.


ಹೊಸಚಿಗುರು:

ಆರು ವಾರ ಆಯಿತು, ಲೆಕ್ಕ ಒಪ್ಪಿಸುತ್ತೇನೆ. ಈ ವಾರ ಸಿಪ್ಪೆ 2.8 ಕಿಲೋ, ಬೇಯಿಸಿ ಉಳಿದದ್ದು 0.4, ಹಸಿಯಾಗಿ ಕೆಟ್ಟದ್ದು 0.5. ದೊಡ್ಡ ಬದಲಾವಣೆ ತಂದದ್ದು ಒಂದು ಚೀಟಿ. ಫ್ರಿಡ್ಜ್ ಬಾಗಿಲ ಮೇಲೆ "ಮೊದಲು ಇದು" ಅಂತ ಬರೆದು, ಕೆಡುವುದಕ್ಕೆ ಬಂದ ತರಕಾರಿಗಳ ಹೆಸರು ಬರೆಯುತ್ತೇವೆ. ಮಗಳೇ ದಿನಾ ಬದಲಾಯಿಸುತ್ತಾಳೆ. ಸಂಜೆ ಬಂದು ಏನು ಅಡುಗೆ ಮಾಡೋದು ಅಂತ ಯೋಚಿಸುವ ಕಷ್ಟವೂ ಕಡಿಮೆ ಆಗಿದೆ. ನಮ್ಮ ಫ್ರಿಡ್ಜ್ 7 ಡಿಗ್ರಿ ಇತ್ತು, ಈಗ 4.

ಒಂದೂ ಜಾಡಿ ಕೊಂಡಿಲ್ಲ. ಬಿರುಕು ಬಿಟ್ಟ ಎರಡು ಡಬ್ಬಿ ಗೊಬ್ಬರಕ್ಕೆ ಹೋದವು. ಎರಡನೇ ವಾರ ಸಣ್ಣ ನೊಣ ಮುತ್ತಿದ್ದವು, ಮೇಲೆ ಎರಡು ಬೆರಳು ದಪ್ಪ ಹರಿದ ಕಾಗದ ಹರಡಿದ ಮೇಲೆ ಹೋದವು. ಪ್ಲಾಸ್ಟಿಕ್ ಕವರು ಮಾತ್ರ ನಾನು ಅಂದುಕೊಂಡಷ್ಟು ಇಳಿದಿಲ್ಲ. ಮೂರು ದಿನಕ್ಕೆ ಇನ್ನೂ 11 ಬರುತ್ತಿವೆ. ತರಕಾರಿಗೆ ಚೀಲ ಒಯ್ಯುತ್ತೇನೆ, ಆದರೆ ಉಳಿದ ಸಾಮಾನು ಪ್ಯಾಕ್ ಆಗಿಯೇ ಬರುತ್ತವೆ. ಅದರ ಮೇಲೆ ಇನ್ನೂ ಕೆಲಸ ಮಾಡಬೇಕು.

ಕುದಿಬಿಂದು ಅವರೇ, ಕಂಬಳಿ ಪೆಟ್ಟಿಗೆಯಲ್ಲಿ ಅನ್ನ ಚೆನ್ನಾಗಿ ಆಗುತ್ತಿದೆ. ನಾಳೆ ಕೆಂಪು ರಾಜ್ಮಾ ಹಾಗೆಯೇ ಮಾಡೋಣ ಅಂತ ನೆನೆಹಾಕಿದ್ದೇನೆ. ಐದು ನಿಮಿಷ ಕುದಿಸಿ ಇಟ್ಟರೆ ಸಾಕಾ?


ಕುದಿಬಿಂದು:

ಸಾಲದು! ಕೇಳಿದ್ದು ಒಳ್ಳೆಯದಾಯಿತು. ನಾನೇ ಮೊದಲು ಹೇಳಬೇಕಿತ್ತು. ಹಸಿ ರಾಜ್ಮಾದಲ್ಲಿ, ಅದರಲ್ಲೂ ಕೆಂಪಿನದರಲ್ಲಿ, ಲೆಕ್ಟಿನ್ ಅನ್ನುವ ಒಂದು ವಿಷಕಾರಿ ಪ್ರೋಟೀನು ಇರುತ್ತದೆ. ಸರಿಯಾಗಿ ಬೇಯದ ಕೆಲವೇ ಕಾಳು ತಿಂದರೂ ಕೆಲವು ಗಂಟೆಗಳಲ್ಲಿ ವಾಂತಿ, ಭೇದಿ ಶುರುವಾಗುತ್ತದೆ. ಅದು ನಾಶವಾಗಲು 100 ಡಿಗ್ರಿಯ ಕುದಿ ಬೇಕು. 80 ಡಿಗ್ರಿಯಲ್ಲಿ ಸುಮ್ನೆ ಬಿಸಿಯಾಗಿ ಕೂತರೆ ವಿಷ ಹೋಗುವ ಬದಲು ಇನ್ನೂ ಜಾಸ್ತಿಯಾಗಬಹುದು. ನಮ್ಮ ಪೆಟ್ಟಿಗೆಯಲ್ಲಿ ಆಗುವುದು ಅದೇ.

ರಾತ್ರಿಯಿಡೀ ನೆನೆಯಲಿ. ಬೆಳಗ್ಗೆ ಆ ನೀರು ಚೆಲ್ಲಿ, ಹೊಸ ನೀರು ಹಾಕಿ ಕುಕ್ಕರ್‌ನಲ್ಲಿ ಬೇಯಿಸಿಬಿಡಿ. 120 ಡಿಗ್ರಿಯ ಮುಂದೆ ಆ ಪ್ರೋಟೀನು ನಿಲ್ಲುವುದಿಲ್ಲ. ಪೆಟ್ಟಿಗೆಯೇ ಬೇಕು ಅಂದರೆ ಒಲೆಯ ಮೇಲೆ ಅರ್ಧ ಗಂಟೆ ಬಿಡದೆ ಕುದಿಸಿ, ಆಮೇಲೆ ಇಳಿಸಿ. ಬೆಂದಿದೆಯಾ ಅಂತ ನೋಡಲು ಒಂದು ಕಾಳು ಬಾಯಿಗೆ ಹಾಕಿಕೊಳ್ಳಬೇಡಿ. ಬೆರಳಲ್ಲಿ ಹಿಸುಕಿ, ನಡುವೆ ಬಿಳಿ ಗಟ್ಟಿ ಇದ್ದರೆ ಇನ್ನೂ ಬೇಯಬೇಕು.